ಚೀಟಿ ಉಳೀತು, ಮನೆ ಹೋಯ್ತು: ಸಿಂಬಾಲಿಕ್ ಲಿಂಕ್ ಕತೆ

ಹಳೇ ಲಿನಕ್ಸ್ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡೋ ಮುಂಚೆ 'ಆರ್‌ಸಿಂಕ್ -ಎ' ಕೊಟ್ಟು ಹೋಮ್ ಫೋಲ್ಡರ್ ಬ್ಯಾಕಪ್ ತಗೊಂಡೆ. ಆಮೇಲೆ ನೋಡಿದ್ರೆ ಮಗಳ ಫೋಟೊಗಳ ಫೋಲ್ಡರ್ ತೆರೆಯಲೇ ಇಲ್ಲ. ಅದು ಬರೀ ಸಿಂಬಾಲಿಕ್ ಲಿಂಕ್. ಫೋಟೊಗಳು ಇದ್ದದ್ದು ಇನ್ನೊಂದು ಪಾರ್ಟಿಷನ್‌ನಲ್ಲಿ. ಲಿಂಕ್ ಅಂದ್ರೆ ಮನೆಯಲ್ಲ, ವಿಳಾಸ ಬರೆದ ಚೀಟಿ. ನಾನು ಚೀಟಿ ಉಳಿಸಿಕೊಂಡು ಮನೆ ಕೆಡವಿದ್ದೆ.

ಲಿನಕ್ಸ್, ಮ್ಯಾಕ್‌ಗಳಲ್ಲಿ 'ಎಲ್‌ಎನ್ -ಎಸ್' ಕೊಟ್ಟರೆ ಲಿಂಕ್ ಸಿದ್ಧ. ವಿಂಡೋಸ್‌ಗೆ ಇದು ಬಂದದ್ದು ವಿಸ್ಟಾದಲ್ಲಿ. ಅಲ್ಲಿನ 'ಎಂಕೆಲಿಂಕ್'ಗೆ ಸಾಮಾನ್ಯವಾಗಿ ಅಡ್ಮಿನ್ ಅನುಮತಿ ಬೇಕು; 2017ರಿಂದೀಚೆಗೆ ವಿಂಡೋಸ್ 10ರಲ್ಲಿ ಡೆವಲಪರ್ ಮೋಡ್ ಆನ್ ಇದ್ದರೆ ಬೇಡ. ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ನಲ್ಲಂತೂ ಲಿಂಕ್‌ಗೆ ಜಾಗವೇ ಇಲ್ಲ.

ಬ್ಯಾಕಪ್‌ಗೆ ಮುಂಚೆ 'ಎಲ್‌ಎಸ್ -ಎಲ್' ಕೊಟ್ಟು ಬಾಣದ ಗುರುತು ಹುಡುಕಿ. ಆರ್‌ಸಿಂಕ್‌ಗೆ ದೊಡ್ಡಕ್ಷರದ 'ಎಲ್' ಸೇರಿಸಿದರೆ ಚೀಟಿಯ ಬದಲು ಮನೆಯೇ ಬರುತ್ತೆ.