ಕೊಟ್ಟಿಗೆ ಮಾಡಿಗೆ ಪಕಾಸಿ ಎಷ್ಟುದ್ದ ಬೇಕು? ಕೊಯ್ಸುವ ಮುಂಚೆ ಮೊಬೈಲ್ ತೆಗೀರಿ

ಕೊಟ್ಟಿಗೆ 20 ಅಡಿ ಅಗಲ. ಅರ್ಧ ಅಂದ್ರೆ 10, ಸೂರಿಗೆ 2. ಹನ್ನೆರಡಡಿ ಪಕಾಸಿ ಸಾಕು.

ನಮ್ಮನೆ ಕೊಟ್ಟಿಗೆ ಕಟ್ಟುವಾಗ ನಾನು ಹಾಕಿದ ಲೆಕ್ಕ ಇಷ್ಟೇ. ಆಚಾರ್ರು ಬರೋ ಮೊದಲೇ ಮಿಲ್ಲಿನಲ್ಲಿ ಎಲ್ಲಾ ಮರವನ್ನೂ 12 ಅಡಿಗೆ ಕೊಯ್ಸಿ ತಂದಿಟ್ಟಿದ್ದೆ. ಮೇಲೇರಿಸಿ ನೋಡಿದರೆ, ಎರಡಡಿ ಬರಬೇಕಾದ ಸೂರು ಗೋಡೆಯಿಂದ ಹೊರಗೆ ಬಂದದ್ದು ಬರೀ ನಾಲ್ಕೂವರೆ ಇಂಚು! ಆ ಮಳೆಗಾಲ ಪೂರ್ತಿ ಹಂಚಿನ ನೀರು ಗೋಡೆಗೇ ಹೊಡೀತು, ಒಳಗಿದ್ದ ಹುಲ್ಲೂ ನೆನೀತು. ಮರುವರ್ಷ ತುಂಡು ಮರ ಜೋಡಿಸಿ ಸೂರು ಉದ್ದ ಮಾಡಿಸಿದ್ದಾಯ್ತು. ಆ ಜೋಡಣೆ ಇವತ್ತಿಗೂ ಜಗ್ಗಿಕೊಂಡೇ ಇದೆ.

ತಪ್ಪು ಎಲ್ಲಿ? ನಾನು ನೆಲದ ಮೇಲಿನ ಅಳತೆ ಹಿಡಿದಿದ್ದೆ. ಪಕಾಸಿ (ಕೆಲವು ಕಡೆ ಪಕ್ಕಾಸು ಅಂತಾರೆ) ಓರೆಯಾಗಿ ಮೇಲೇರುತ್ತೆ, ಹಾಗಾಗಿ ಯಾವಾಗಲೂ ನೆಲದ ಅಳತೆಗಿಂತ ಉದ್ದ ಬೇಕು. ಎಷ್ಟು ಉದ್ದ ಅನ್ನೋದನ್ನ ಇಳಿಜಾರು ತೀರ್ಮಾನಿಸುತ್ತೆ.

ಇಳಿಜಾರನ್ನು "ಅಡಿಗೆ ಎಷ್ಟು ಇಂಚು" ಅಂತ ಹಿಡಿಯಿರಿ. ಮಂಗಳೂರು ಹಂಚಿಗೆ ಅಡಿಗೆ 7 ಇಂಚು, ಅಂದ್ರೆ ಸುಮಾರು 30 ಡಿಗ್ರಿ ಇಟ್ಟುಕೊಳ್ಳಿ. ತಗಡಿನ ಶೀಟಿಗೆ 3 ಇಂಚಿನಲ್ಲೂ ನಡೆಯುತ್ತೆ. ಪಕ್ಕದ ಮನೆಯ ಹಳೇ ಮಾಡು ಚೆನ್ನಾಗಿ ನೀರು ಇಳಿಸ್ತಿದ್ರೆ ಅದರ ಪಕಾಸಿ ಮೇಲೆ ಮೊಬೈಲ್ ಇಟ್ಟು ಲೆವೆಲ್ ಆ್ಯಪ್‌ನಲ್ಲಿ ಡಿಗ್ರಿ ನೋಡಿ. 14 ಬಂದ್ರೆ ಅಡಿಗೆ 3 ಇಂಚು, 22-23 ಬಂದ್ರೆ 5 ಇಂಚು.

ಇನ್ನು ಹತ್ತನೇ ಕ್ಲಾಸಿನ ಪೈಥಾಗೊರಸ್. ಅವತ್ತು ಇದ್ಯಾತಕ್ಕಪ್ಪಾ ಅಂದುಕೊಂಡಿದ್ವಲ್ಲ, ಇದಕ್ಕೇ. ಒಂದಡಿ ಅಂದ್ರೆ 12 ಇಂಚು; 12ರ ವರ್ಗ 144. ಏರಿಕೆ 7, ಅದರ ವರ್ಗ 49. ಕೂಡಿದರೆ 193. ಕ್ಯಾಲ್ಕುಲೇಟರ್‌ನಲ್ಲಿ ವರ್ಗಮೂಲ ಒತ್ತಿದರೆ 13.89. ಅಂದ್ರೆ ನೆಲದ ಮೇಲಿನ ಪ್ರತಿ ಒಂದಡಿಗೆ ಪಕಾಸಿ 13.89 ಇಂಚು ಬೇಕು. ಇದೇ ಥರ ಏರಿಕೆ 3 ಇಂಚಾದರೆ 12.37, 4 ಆದರೆ 12.65, 6 ಆದರೆ 13.42. ಏರಿಕೆ 5 ಇಂಚು ಇಟ್ಟರೆ ಸರಿಯಾಗಿ 13; ಮೊಬೈಲೂ ಬೇಡ.

ನನ್ನ ಕೊಟ್ಟಿಗೆಗೆ ಹಾಕಿ ನೋಡೋಣ. ಅರ್ಧ ಅಗಲ 10, ಸೂರು 2, ಒಟ್ಟು 12 ಅಡಿ. 12 × 13.89 = 166.7 ಇಂಚು. 13 ಅಡಿ 10¾ ಇಂಚು! ನಾನು ತಂದದ್ದಕ್ಕಿಂತ ಹತ್ತಿರ ಹತ್ತಿರ ಎರಡಡಿ ಜಾಸ್ತಿ. ಗಮನಿಸಿ, ಸೂರನ್ನೂ ಸೇರಿಸಿಯೇ ಗುಣಿಸಬೇಕು. ಕೊನೆಗೆ "ಎರಡಡಿ ಕೂಡಿಸಿಬಿಡಿ" ಅಂದ್ರೆ ಮತ್ತೆ ಮೂರ್ನಾಲ್ಕು ಇಂಚು ಮೋಸ.

ಅಗಲವನ್ನು ಗೋಡೆಯ ಹೊರಮುಖದಿಂದ ಹೊರಮುಖಕ್ಕೆ ಅಳೆಯಿರಿ. ಎರಡೂ ತುದಿ, ನಡುವೆ, ಹೀಗೆ ಮೂರು ಕಡೆ. ನಮ್ಮ ಕಡೆ ಗೋಡೆಗಳು ಅಷ್ಟೇನೂ ನೆಟ್ಟಗಿರಲ್ಲ. ನೆತ್ತಿಯಲ್ಲಿ ತೊಲೆ ಇದ್ದು ಪಕಾಸಿ ಅದರ ಪಕ್ಕಕ್ಕೆ ಬಂದು ಸೇರುವುದಾದರೆ, ತೊಲೆಯ ಅರ್ಧ ದಪ್ಪವನ್ನು ಗುಣಿಸೋ ಮೊದಲೇ ಕಳೆಯಿರಿ. ತುದಿಯ ಓರೆ ಕೊಯ್ತಕ್ಕೆ ಮರ ಮಾತ್ರ ಮೂರಿಂಚು ಜಾಸ್ತಿ ಇರುವುದನ್ನೇ ತನ್ನಿ.

ಜಿಐ ಪೈಪ್ ಹಾಕೋರಿಗೆ ಇನ್ನೊಂದು ಲೆಕ್ಕ ಇದೆ, ದುಡ್ಡು ಉಳಿಯೋದು ಇಲ್ಲೇ. ಅಂಗಡಿಯಲ್ಲಿ 20 ಅಡಿ ಅಂತ ಕೊಡೋ ಪೈಪ್ ಸಾಮಾನ್ಯವಾಗಿ 6 ಮೀಟರ್, ಅಂದ್ರೆ 19 ಅಡಿ 8 ಇಂಚು. 16 ಅಡಿ ಅಗಲದ ಶೆಡ್ಡು, 2 ಅಡಿ ಸೂರು, ಶೀಟಿಗೆ ಅಡಿಗೆ 3 ಇಂಚು ಏರಿಕೆ ಅಂತಿಟ್ಟುಕೊಳ್ಳಿ. ಒಂದು ಕಡೆಗೆ 10 ಅಡಿ 3¾ ಇಂಚು ಬೇಕು. ಒಂದು ಪೈಪಿಗೆ ಒಂದೇ! ಉಳಿದ ಒಂಬತ್ತಡಿ ತುಂಡು ಮೂಲೆಗೆ ಬೀಳುತ್ತೆ. ಶೆಡ್ಡಿನ ಅಗಲ 14½ ಅಡಿಗೆ ಇಳಿಸಿದರೆ 9 ಅಡಿ 6½ ಇಂಚು ಸಾಕು, ಒಂದೇ ಪೈಪಿನಲ್ಲಿ ಎರಡು ಬರುತ್ತೆ. ಹಾಗಾಗಿ ಪಾಯ ತೆಗೆಯೋ ಮುಂಚೆಯೇ ಈ ಲೆಕ್ಕ ಹಾಕಿ. ಪೈಪ್ ಉಳಿಸೋಕೆ ಅಂತ ಸೂರು ಮೊಟಕು ಮಾಡಬೇಡಿ, ಮಲೆನಾಡು ಕರಾವಳಿಯಲ್ಲಂತೂ ಬೇಡವೇ ಬೇಡ.

ಲೆಕ್ಕ ಎಷ್ಟೇ ಸರಿ ಇದ್ದರೂ ಎಲ್ಲವನ್ನೂ ಒಟ್ಟಿಗೆ ಕೊಯ್ಸಬೇಡಿ. ಒಂದೇ ಜೋಡಿ ಕೊಯ್ದು ಮೇಲೇರಿಸಿ. ಪಕಾಸಿಯ ತುದಿಯಿಂದ ತೂಗುಗುಂಡು ಇಳಿಬಿಟ್ಟು ಗೋಡೆಗೆ ಎಷ್ಟು ದೂರ ಬಂತು ಅಂತ ಟೇಪ್ ಹಿಡಿಯಿರಿ. ಎರಡಡಿ ಬಂದಿದೆಯಾ? ಹಾಗಾದ್ರೆ ಆ ಜೋಡಿಯನ್ನೇ ಮಾದರಿ ಇಟ್ಟುಕೊಂಡು ಉಳಿದದ್ದಕ್ಕೆ ಗೆರೆ ಎಳೀಲಿಕ್ಕೆ ಆಚಾರ್ರಿಗೆ ಹೇಳಿ.