ಹತ್ತು ಮಾರು ದೂರ ಸಾಕಾ? ಟ್ರ್ಯಾಕ್ಟರ್ ಸ್ಲ್ಯಾಶರ್ ಎಸೆಯುವ ಕಲ್ಲಿನ ಲೆಕ್ಕ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೆ, ಈ ವಾರದ ಮಾತು ಇಲ್ಲಿ ಬರಹದಲ್ಲಿದೆ. ಮಾತಾಡುವಾಗ ಅವಸರದಲ್ಲಿ ಬಿಟ್ಟಿದ್ದ ಒಂದೆರಡು ಲೆಕ್ಕಾನೂ ಸೇರಿಸಿದ್ದೀನಿ.

ಮಣಿಕೊಂಡದಲ್ಲಿ ಇರೋರಿಗೆ ಈ ದೃಶ್ಯ ಹೊಸದಲ್ಲ. ಎರಡು ಅಪಾರ್ಟ್‌ಮೆಂಟ್ ನಡುವೆ ಒಂದು ಖಾಲಿ ಪ್ಲಾಟ್. ಮಳೆಗಾಲ ಮುಗಿಯೋ ಹೊತ್ತಿಗೆ ಅದರಲ್ಲಿ ಎದೆಮಟ್ಟ ಹುಲ್ಲು, ಜೊತೆಗೆ ಬಳ್ಳಾರಿ ಜಾಲಿ. ಇಲ್ಲಿನವರು ಅದನ್ನೇ ಸರ್ಕಾರ್ ತುಮ್ಮ ಅಂತಾರೆ. ಹಾವು ಬರುತ್ತೆ, ಸೊಳ್ಳೆ ಆಗುತ್ತೆ ಅಂತ ಅಕ್ಕಪಕ್ಕದವರು ಗಲಾಟೆ ಮಾಡಿದ ಮೇಲೆ ಮಾಲೀಕ ಒಂದು ಟ್ರ್ಯಾಕ್ಟರ್ ಕಳಿಸ್ತಾನೆ. ಹಿಂದೆ ಚಪ್ಪಟೆ ಕಬ್ಬಿಣದ ಡಬ್ಬಿ, ಅದರೊಳಗೆ ತಿರುಗೋ ಬ್ಲೇಡು. ಅದೇ ಸ್ಲ್ಯಾಶರ್.

ನಮ್ಮ ಪಕ್ಕದ ಪ್ಲಾಟಿಗೂ ಒಂದು ಬಂತು. ನಾನು ಮನೆಯಿಂದಲೇ ಕೆಲಸ ಮಾಡ್ತಾ ಕಾಲ್‌ನಲ್ಲಿದ್ದೆ. ಇದ್ದಕ್ಕಿದ್ದಂತೆ ಬಾಲ್ಕನಿ ಕಡೆ "ಠಪ್" ಅಂತ ಸದ್ದು. ಹೋಗಿ ನೋಡಿದ್ರೆ ಜಾರು ಬಾಗಿಲಿನ ಗಾಜು ಜೇಡರ ಬಲೆ ಹಾಗೆ ಸೀಳಿತ್ತು, ಕೆಳಗೆ ನಿಂಬೆಹಣ್ಣಿನ ಗಾತ್ರದ ಗ್ರಾನೈಟ್ ಚೂರು ಬಿದ್ದಿತ್ತು. ನಮ್ಮ ಮನೆ ಇರೋದು ಎರಡನೇ ಮಹಡಿ. ಮಗಳು ಅಲ್ಲೇ ನಿಂತು ಟ್ರ್ಯಾಕ್ಟರ್ ನೋಡ್ತಿದ್ದವಳು, ಆಗಷ್ಟೇ ನೀರು ಕುಡಿಯೋಕೆ ಒಳಗೆ ಬಂದಿದ್ಲು.

ಆಗಲೇ ನನಗೆ ಇನ್ನೊಂದು ವಿಷಯ ನೆನಪಾಯ್ತು. ಬರುವ ಭಾನುವಾರ ಲಿಂಗಸುಗೂರು ಕಡೆ ಇರೋ ನಮ್ಮ ಹೊಲಕ್ಕೆ ಇದೇ ಥರದ ಯಂತ್ರವನ್ನ ನಾನೇ ವಾಟ್ಸಾಪ್‌ನಲ್ಲಿ ಗೊತ್ತು ಮಾಡಿದ್ದೆ. ಎರಡು ವರ್ಷ ಬೀಳು ಬಿದ್ದ ಗರಸು ನೆಲ, ತುಂಬಾ ಜಾಲಿ ಕಂಟಿ. ಮುಂದೆ ನಿಂತು ಮಾಡಿಸೋರು ಅಪ್ಪ. ತಕ್ಷಣ ಫೋನ್ ಮಾಡಿದೆ.

"ಏನಾಗ್ತದಪ? ನಾ ದೂರನ ನಿಂತಿರ್ತೀನಿ."

"ಎಷ್ಟು ದೂರ?"

"ಹತ್ತು ಮಾರು. ಬದುವಿನ ಮ್ಯಾಲೆ."

ಹತ್ತು ಮಾರು ಅಂದ್ರೆ ಸುಮಾರು 60 ಅಡಿ, 18 ಮೀಟರ್. ಅಷ್ಟು ದೂರ ಸಾಕಾ ಅನ್ನೋದೇ ಇವತ್ತಿನ ಮಾತು.

ಮೊದಲು ಲೆಕ್ಕ

ಟ್ರ್ಯಾಕ್ಟರ್ ಹಿಂದಿನ ಪಿಟಿಒ ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತೆ. ಸ್ಲ್ಯಾಶರ್‌ನ ಗೇರ್ ಬಾಕ್ಸ್ ಅದನ್ನ ಇನ್ನೂ ಏರಿಸುತ್ತೆ. ಉದಾಹರಣೆಗೆ ಒಂದೂವರೆ ಪಟ್ಟು ಅಂತ ಇಟ್ಕೊಳ್ಳಿ, ನಿಮಿಷಕ್ಕೆ 810 ಸುತ್ತು ಆಯ್ತು. ಬ್ಲೇಡಿನ ತುದಿಯಿಂದ ತುದಿಗೆ 5 ಅಡಿ ಇದ್ರೆ, ತುದಿಯ ವೇಗ ಸೆಕೆಂಡಿಗೆ 64 ಮೀಟರ್ ದಾಟುತ್ತೆ. ಗಂಟೆಗೆ ಸುಮಾರು 233 ಕಿಲೋಮೀಟರ್.

ಕಲ್ಲಿಗೆ ಆ ವೇಗ ಪೂರ್ತಿ ಸಿಗಲಿಲ್ಲ, ಸೆಕೆಂಡಿಗೆ 50 ಮೀಟರ್ ಮಾತ್ರ ಸಿಕ್ತು ಅನ್ನೋಣ. 100 ಗ್ರಾಂ ಕಲ್ಲಿಗೆ ಆಗ 125 ಜೂಲ್ ಶಕ್ತಿ ಇರುತ್ತೆ. 160 ಗ್ರಾಂ ಕ್ರಿಕೆಟ್ ಚೆಂಡು ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬಂದ್ರೆ ಅದರ ಶಕ್ತಿ ಸುಮಾರು 121 ಜೂಲ್. ಅಂದ್ರೆ ನಮ್ಮ ಜಾವಗಲ್ ಶ್ರೀನಾಥ್ ಅವರ ಜೋರು ಚೆಂಡನ್ನ ಹೆಲ್ಮೆಟ್ ಇಲ್ಲದೆ, ಬ್ಯಾಟ್ ಇಲ್ಲದೆ, ಯಾವ ಕಡೆಯಿಂದ ಬರುತ್ತೆ ಅಂತ ಗೊತ್ತಿಲ್ಲದೆ ಎದುರಿಸಿದ ಹಾಗೆ. ಚೆಂಡು ದುಂಡಗಿರುತ್ತೆ, ಒಡೆದ ಕಲ್ಲಿಗೆ ಚೂಪು ಅಂಚಿರುತ್ತೆ. ಅದೇ ಶಕ್ತಿ ಚೂಪು ತುದಿಯಲ್ಲಿ ಬಿದ್ರೆ ಗಾಯ ಇನ್ನೂ ಆಳ.

ಹತ್ತು ಮಾರು ದಾಟೋಕೆ ಆ ಕಲ್ಲಿಗೆ ಬೇಕಾದ್ದು ಸೆಕೆಂಡಿನ ಮೂರನೇ ಒಂದು ಭಾಗ ಅಷ್ಟೇ. ನೋಡಿ, ಅರ್ಥ ಮಾಡ್ಕೊಂಡು, ಪಕ್ಕಕ್ಕೆ ಸರಿಯೋಕೆ ಟೈಮೇ ಇಲ್ಲ. "ಬಂದ್ರೆ ತಪ್ಪಿಸ್ಕೋತೀನಿ" ಅನ್ನೋ ಮಾತು ಇಲ್ಲಿ ನಡೆಯಲ್ಲ.

ಕಲ್ಲು ನೆಲದಿಂದ ಬರೀ 10 ಡಿಗ್ರಿ ಮೇಲಕ್ಕೆ ಎದ್ರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ 87 ಮೀಟರ್ ಆಚೆ ಬೀಳುತ್ತೆ. 15 ಡಿಗ್ರಿ ಎದ್ರೆ 127 ಮೀಟರ್. ಗಾಳಿ ಸ್ವಲ್ಪ ತಡೀಬಹುದು, ಆದ್ರೂ ದೂರ ಈ ಅಳತೆಯಲ್ಲೇ ಇರುತ್ತೆ. ಅಮೆರಿಕದ ಇಂಥ ಯಂತ್ರಗಳ ಕೈಪಿಡಿಗಳಲ್ಲಿ 100 ಗಜ, ಅಂದ್ರೆ 300 ಅಡಿ ಅನ್ನೋ ಅಂಕಿ ಮತ್ತೆ ಮತ್ತೆ ಬರೋದು ಇದಕ್ಕೇ. ಹೆಗಲಿಗೆ ಹಾಕ್ಕೊಂಡು ಹುಲ್ಲು ಹೊಡಿಯೋ ಸಣ್ಣ ಬ್ರಷ್ ಕಟ್ಟರ್‌ಗೇ ಕೈಪಿಡಿಗಳು 15 ಮೀಟರ್ ದೂರ ಇರಿ ಅಂತ ಹೇಳುತ್ವೆ. ಅಪ್ಪ ಹೇಳಿದ ಹತ್ತು ಮಾರು ಆ ಸಣ್ಣ ಯಂತ್ರಕ್ಕೆ ಸರಿ, ಟ್ರ್ಯಾಕ್ಟರ್‌ಗೆ ಅಲ್ಲ.

ಕಲ್ಲು ಎಲ್ಲಿಂದ ಹೊರಗೆ ಬರುತ್ತೆ?

ಡಬ್ಬಿಯ ಎರಡು ಪಕ್ಕದಲ್ಲಿ ಕಬ್ಬಿಣದ ಗೋಡೆ ಇರುತ್ತೆ. ಹುಲ್ಲು ಒಳಗೆ ಹೋಗೋಕೆ ಮುಂದೆ, ಕತ್ತರಿಸಿದ್ದು ಹೊರಗೆ ಬರೋಕೆ ಹಿಂದೆ ತೆರೆದಿರಲೇಬೇಕು. ಕಲ್ಲಿಗೆ ಸಿಗೋ ಬಾಗಿಲೂ ಅವೇ ಎರಡು. ಮುಂದಿನ ಬಾಗಿಲು ಅಂದ್ರೆ ನೇರ ಡ್ರೈವರ್ ಬೆನ್ನಿನ ಕಡೆ. ನಮ್ಮ ಕಡೆ ಟ್ರ್ಯಾಕ್ಟರ್‌ಗಳಿಗೆ ಕ್ಯಾಬಿನ್ ಇರೋದೇ ಅಪರೂಪ.

ಆ ಎರಡೂ ಕಡೆ ಸಾಲಾಗಿ ತೂಗುಬಿಡೋ ಸರಪಳಿಗಳೇ ಚೈನ್ ಗಾರ್ಡ್. ಹುಲ್ಲು ತಳ್ಳಿದ್ರೆ ಸರಪಳಿ ಸರಿದು ದಾರಿ ಬಿಡುತ್ತೆ. ಕಲ್ಲು ಬಡಿದ್ರೆ ಅದರ ಶಕ್ತಿ ಭಾರದ ಕೊಂಡಿಗಳನ್ನ ಅಲ್ಲಾಡಿಸೋದ್ರಲ್ಲೇ ಖರ್ಚಾಗಿ ಕಲ್ಲು ಅಲ್ಲೇ ಬೀಳುತ್ತೆ. ಎರಡು ಸಾಲು ಇದ್ದು, ಮೊದಲ ಸಾಲಿನ ಸಂದಿಗೆ ಎರಡನೆಯದು ಅಡ್ಡ ಬರೋ ಹಾಗಿದ್ರೆ ಒಳ್ಳೇದು. ನಾಲ್ಕು ಸರಪಳಿ ಕಿತ್ತುಹೋಗಿದ್ರೆ ಅಲ್ಲಿ ಕಿಟಕಿ ತೆಗೆದಿಟ್ಟ ಹಾಗೇ. ಸರಪಳಿ ಸಿಗದಿದ್ರೆ ಹಳೇ ಕನ್ವೇಯರ್ ಬೆಲ್ಟಿನ ದಪ್ಪ ರಬ್ಬರನ್ನ ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೊಂದು ಸ್ವಲ್ಪ ಕೂರೋ ಹಾಗೆ ಬೋಲ್ಟ್ ಹಾಕಿಸಬಹುದು.

ನಾನು ಡ್ರೈವರ್‌ಗೆ ಫೋನ್ ಮಾಡಿ ಸರಪಳಿ ಇದೆಯಾ ಕೇಳಿದೆ. "ಅದಾವ್ರೀ ಅಣ್ಣಾರ, ಬಿಚ್ಚಿಟ್ಟೀನಿ. ಕಂಟಿ ಸಿಕ್ಕೊಂತದ, ಟೈಮ್ ಭಾಳ ಹಿಡೀತದ. ನೀವೇ ಮೂರು ತಾಸಿನಾಗ ಮುಗಸಂದ್ರಲ್ಲ."

ನನಗೆ ಮಾತು ಹೊರಡಲಿಲ್ಲ. ಹೌದು, ನಾನೇ ಅಂದಿದ್ದೆ. ಬಾಡಿಗೆ ತಾಸಿನ ಲೆಕ್ಕ, 200 ಕಿಲೋಮೀಟರ್‌ಗೂ ಆಚೆ ಕೂತು ನಾನು ಉಳಿಸೋಕೆ ನೋಡಿದ್ದು ಒಂದು ತಾಸಿನ ದುಡ್ಡು. ಗಾರ್ಡ್ ಬಿಚ್ಚಿದ್ದು ಅವನ ಕೈ, ಬಿಚ್ಚಿಸಿದ್ದು ನನ್ನ ಅವಸರ. ಇಲ್ಲಿಂದ ಊರಿನ ಹೊಲ ನೋಡ್ಕೊಳ್ಳೋ ನಾವೆಲ್ಲ ಯೋಚಿಸಬೇಕಾದ್ದು ಇದನ್ನೇ. ಅಪಾಯ ಎದುರಿಸೋರು ಅಲ್ಲಿದ್ದಾರೆ, ಷರತ್ತು ಹಾಕೋರು ನಾವು.

ಕನ್ನಡಕ ಹಾಕ್ಕೊಂಡ್ರೆ ಸಾಕಲ್ವಾ?

ಡ್ರೈವರ್‌ಗೆ ಸೇಫ್ಟಿ ಕನ್ನಡಕ ಬೇಕೇ ಬೇಕು, ಆದ್ರೆ ಅದರ ಮಿತಿ ಗೊತ್ತಿರಲಿ. ಯುರೋಪಿನ ಇಎನ್ 166 ಮಾನದಂಡದಲ್ಲಿ ಗಾಗಲ್‌ಗೆ 'ಬಿ' ಗುರುತು ಇದ್ರೆ, 6 ಮಿಲಿಮೀಟರ್ ಉಕ್ಕಿನ ಗುಂಡು ಸೆಕೆಂಡಿಗೆ 120 ಮೀಟರ್ ವೇಗದಲ್ಲಿ ಬಡಿದ್ರೂ ಅದು ತಡೀತು ಅಂತ ಅರ್ಥ. ಕೇಳೋಕೆ ದೊಡ್ಡದು. ಆದ್ರೆ ಆ ಗುಂಡಿನ ತೂಕ ಒಂದು ಗ್ರಾಂಗೂ ಕಡಿಮೆ, ಶಕ್ತಿ ಸುಮಾರು 6 ಜೂಲ್. ನಮ್ಮ ನಿಂಬೆಹಣ್ಣಿನ ಗಾತ್ರದ ಕಲ್ಲು ಅದರ 20 ಪಟ್ಟು. ಕನ್ನಡಕ ಇರೋದು ಮುಳ್ಳು, ಕಡ್ಡಿ, ಸಣ್ಣ ಚೂರಿಗೆ.

ಡ್ರೈವರ್ ಬೆನ್ನಿಗೆ ಬೇಕಾದ್ದು ಸೀಟಿನ ಹಿಂದೆ ಗಟ್ಟಿ ಫ್ರೇಮಿಗೆ ಬೆಸುಗೆ ಹಾಕಿದ ಕಬ್ಬಿಣದ ಜಾಲರಿ. ಸಣ್ಣ ಚೂರಿಗೂ ತಡೆ ಬೇಕಂದ್ರೆ ಜೊತೆಗೆ ಪಾಲಿಕಾರ್ಬೊನೇಟ್ ಶೀಟ್. ನೋಡೋಕೆ ಹಾಗೇ ಕಾಣೋ ಅಕ್ರಿಲಿಕ್ ಬೇಡ, ಮಾಮೂಲಿ ಗಾಜಂತೂ ಬೇಡವೇ ಬೇಡ. ಅವು ಒಡೆದು ತಾವೇ ಚೂರಾಗಿ ಚುಚ್ಚುತ್ವೆ. ಮಡ್‌ಗಾರ್ಡ್ ಮೇಲೆ ಇನ್ನೊಬ್ಬರನ್ನ ಕೂರಿಸೋ ಅಭ್ಯಾಸ ಆ ದಿನಕ್ಕಾದ್ರೂ ಬಂದ್.

ಟ್ರ್ಯಾಕ್ಟರ್ ಶುರುವಾಗೋ ಮೊದಲು

1. ಹೊಲ ನಡೆದು ನೋಡಿ. ಕಲ್ಲು, ಬಾಟಲಿ, ಕಬ್ಬಿಣದ ತುಂಡು, ತಂತಿ ಆರಿಸಿ. ತಂತಿ ಬ್ಲೇಡಿಗೆ ಸುತ್ತಿಕೊಂಡು ತುಂಡಾಗಿ ಹಾರುತ್ತೆ. ಎತ್ತೋಕಾಗದ ಬಂಡೆಗೆ ಬಟ್ಟೆ ಕಟ್ಟಿದ ಕೋಲು ನೆಡಿ.

2. ಸರಪಳಿ ಹಾಕಿದ ಮೇಲೆ ಮುಂದಿನಿಂದ, ಹಿಂದಿನಿಂದ ಒಂದೊಂದು ಫೋಟೋ ತರಿಸಿ. ಬ್ಲೇಡ್ ಬಿರುಕು ಬಿಟ್ಟಿದೆಯಾ, ಬೋಲ್ಟ್ ಬಿಗಿ ಇದೆಯಾ, ಎಂಜಿನ್ ಆಫ್ ಮಾಡಿ ನೋಡೋಕೆ ಹೇಳಿ. ಬ್ಲೇಡೇ ಕಿತ್ತು ಹಾರಿದ್ರೆ ಯಾವ ಸರಪಳಿಯನ್ನೂ ನಂಬೋ ಹಾಗಿಲ್ಲ.

3. ನೆಲ ಕೆರೆಯೋ ಹಾಗೆ ಇಳಿಸಬೇಡಿ. ಮೊದಲ ಸುತ್ತು ಗೇಣುದ್ದ ಮೇಲೆ ಹೊಡೆದ್ರೆ ಅಡಗಿದ ಕಲ್ಲು ಕಾಣುತ್ತೆ. ಆರಿಸಿ, ಆಮೇಲೆ ತಗ್ಗಿಸಿ.

4. ಬ್ಲೇಡ್ ತಿರುಗ್ತಿರುವಾಗ ಯಂತ್ರ ಎತ್ತಬೇಡಿ. ದೊಡ್ಡ ಕಂಟಿ ಮೇಲೆ ಹತ್ತಿಸೋಕೆ, ತಿರುವಿನಲ್ಲಿ, ಎತ್ತಿದ ಕ್ಷಣ ಡಬ್ಬಿಯ ಸುತ್ತಲೂ ಬಾಯಿ ತೆರೆಯುತ್ತೆ, ಸರಪಳಿ ಲೆಕ್ಕಕ್ಕಿಲ್ಲ. ಪಿಟಿಒ ನಿಲ್ಲಿಸಿದ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ತಿರುಗ್ತಾನೇ ಇರುತ್ತೆ, ಪೂರ್ತಿ ನಿಲ್ಲೋವರೆಗೂ ಯಾರೂ ಹತ್ತಿರ ಹೋಗಬಾರದು.

5. 100 ಮೀಟರ್ ಒಳಗೆ ಯಾರೂ ಬೇಡ. ಕುರಿ ಕಾಯೋ ಹುಡುಗ, ಬುತ್ತಿ ತರೋರು, ದಾರಿಹೋಕರು, ಯಾರೇ ಬಂದ್ರೂ ಪಿಟಿಒ ಬಂದ್. ರಸ್ತೆ, ಮನೆ ಪಕ್ಕದ ಪಟ್ಟಿಯನ್ನ ಕುಡುಗೋಲು, ಕೊಡಲಿಯಲ್ಲೇ ಮಾಡಿಸಿ.

6. ತಾಸಿನ ಲೆಕ್ಕ ಬಿಟ್ಟು ಎಕರೆ ಲೆಕ್ಕ ಮಾತಾಡಿ. ಆಗ ಸರಪಳಿ ಬಿಚ್ಚಿಸೋ ಅವಸರ ನಿಮ್ಮ ಕಡೆಯಿಂದ ಇರಲ್ಲ.

ಇಷ್ಟಾದ್ರೂ ಕಣ್ಣಿಗೆ ಏನಾದ್ರೂ ಬಡಿದ್ರೆ ಉಜ್ಜಬೇಡಿ, ಚುಚ್ಚಿದ್ದನ್ನ ಕೀಳಬೇಡಿ. ಕಣ್ಣಿಗೆ ಒತ್ತದ ಹಾಗೆ ಪೇಪರ್ ಕಪ್ ಮುಚ್ಚಿ, ನೇರ ಕಣ್ಣಿನ ಆಸ್ಪತ್ರೆಗೆ ಹೋಗಿ.

ಈಗ ಮಣಿಕೊಂಡದ ಪ್ಲಾಟಿಗೆ ಬರೋಣ. 40 ಅಡಿ ಅಗಲದ ಜಾಗ, ಮೂರು ಕಡೆ ಮನೆ, ಒಂದು ಕಡೆ ರಸ್ತೆ. ಹುಲ್ಲಿನಡಿ ಜಲ್ಲಿ, ಟೈಲ್ಸ್ ಚೂರು, ಸೆಂಟ್ರಿಂಗ್ ಮೊಳೆ. ಇಲ್ಲಿ 100 ಮೀಟರ್ ಎಲ್ಲಿಂದ ತರ್ತೀರಿ? ಇಂಥ ಕಡೆ ಸ್ಲ್ಯಾಶರ್ ತರಲೇಬಾರದು ಅನ್ನೋದು ನನ್ನ ಅಭಿಪ್ರಾಯ. ಕೂಲಿಯವರಿಂದ ಕೈಯಲ್ಲಿ ಕಡಿಸಿ, ಇಲ್ಲಾ ಜೆಸಿಬಿಯಿಂದ ಬುಡಸಮೇತ ಕೀಳಿಸಿ. ನಮ್ಮ ಅಸೋಸಿಯೇಷನ್‌ನಿಂದ ಆ ಪ್ಲಾಟ್ ಮಾಲೀಕರಿಗೆ ಇದನ್ನೇ ಬರೆದು ಕೊಟ್ಟಿದ್ದೀವಿ.

ಶುಕ್ರವಾರ ರಾತ್ರಿ ಬಸ್ ಹತ್ತಿ ನಾನೂ ಊರಿಗೆ ಹೋದೆ. ಶನಿವಾರ ಅಪ್ಪ, ನಾನು, ಇಬ್ಬರು ಆಳು ಹೊಲ ತಿರುಗಿ ಪುಟ್ಟಿಗಟ್ಟಲೆ ಕಲ್ಲು ಆರಿಸಿದ್ವಿ. ಭಾನುವಾರ ಡ್ರೈವರ್ ಸರಪಳಿ ಹಾಕ್ಕೊಂಡೇ ಬಂದ. ಅಪ್ಪನ್ನ ಆಚೆ ಹೊಲದ ಬೇವಿನ ಮರದ ಕೆಳಗೆ ಕೂರಿಸಿ, ಏನಾದ್ರೂ ಹೇಳೋದಿದ್ರೆ ಫೋನ್ ಮಾಡಿ ಅಂದೆ. "ನನ್ನ ಹೊಲಕ್ಕ ನಾನ ಫೋನ್ ಮಾಡ್ಬೇಕೇನು" ಅಂತ ಗೊಣಗಿದ್ರು, ಆದ್ರೆ ಎದ್ದು ಬರಲಿಲ್ಲ. ಮೂರು ತಾಸಿನ ಕೆಲಸ ಐದು ತಾಸು ಹಿಡೀತು.

ಮುಗಿದ ಮೇಲೆ ಬ್ಲೇಡ್ ನಿಂತಿದ್ದು ನೋಡ್ಕೊಂಡು ಅಪ್ಪನ ಜೊತೆ ಹತ್ತಿರ ಹೋದೆ. ತುಕ್ಕು ಹಿಡಿದ ಸರಪಳಿ ಮೇಲೆ ಅಲ್ಲಲ್ಲಿ ಹೊಸ ಬಿಳಿ ಗಾಯ. ಅಪ್ಪ ಬೆರಳಿಟ್ಟು ಎಣಿಸಿದ್ರು, 11 ಇದ್ವು. ಅಷ್ಟು ಆರಿಸಿದ ಮೇಲೂ ಉಳಿದಿದ್ದ ಕಲ್ಲುಗಳವು. ಆಮೇಲೆ ತಾವು ಮೊದಲು ನಿಲ್ತೀನಿ ಅಂದಿದ್ದ ಬದುವಿನ ಕಡೆ ಒಮ್ಮೆ ನೋಡಿದ್ರು, ಏನೂ ಅನ್ನಲಿಲ್ಲ.

ನಿಮ್ಮೂರಲ್ಲೂ ಈ ಸಲ ಹೊಲ ಸ್ವಚ್ಛ ಮಾಡಿಸೋದಿದ್ರೆ, ದುಡ್ಡು ಕಳಿಸೋ ಮೊದಲು ಸರಪಳಿಯ ಫೋಟೋ ತರಿಸಿ. ಮುಂದಿನ ವಾರ ಮತ್ತೆ ಸಿಗೋಣ.