ನಿಮಗಿದು ಗೊತ್ತೇ? ಸದ್ದಿಗಾಗಿಯೇ ಹುಟ್ಟಿದ ತೋಪುಗಳು

ಹಳೇ ವಸ್ತು ಕೂಡಿಡುವವರ ಮನೆಯಲ್ಲಿ ಮೊಳದುದ್ದದ ಫಿರಂಗಿ ಕಂಡರೆ, ಅದು ಎಷ್ಟು ಜನರ ಜೀವ ತೆಗೆದಿತ್ತೋ ಎಂದು ಮರುಗಬೇಕಿಲ್ಲ. ಆ ಗಾತ್ರದ ಬಹಳಷ್ಟು ತೋಪುಗಳು ಗುಂಡನ್ನೇ ಕಂಡಿಲ್ಲ. ಬರೀ ಮದ್ದು ತುಂಬಿ ಸದ್ದು ಮಾಡುವುದಷ್ಟೇ ಅವುಗಳ ಕೆಲಸ. ಹಡಗು ಬಂತು, ಹೊತ್ತು ಮುಳುಗಿತು, ದೋಣಿ ಪಂದ್ಯ ಶುರುವಾಯಿತು ಎಂದು ಊರಿಗೆ ಸಾರುತ್ತಿದ್ದವು.

ಕಂಚು, ಹಿತ್ತಾಳೆಗೆ ಆಯಸ್ಕಾಂತ ಅಂಟದು. ‘ಅಪ್ಪಟ ಕಂಚು’ ಎಂದು ಕೊಂಡ ತೋಪಿಗೆ ಅದು ಟಪ್ಪನೆ ಅಂಟಿಕೊಂಡರೆ, ಕೊಂಡದ್ದು ಬಣ್ಣ ಬಳಿದ ಬೀಡುಕಬ್ಬಿಣ.

ತೋಪಿನ ನಿಜವಾದ ಚರಿತ್ರೆ ಇರುವುದು ಹಿಂಭಾಗದ ಸಣ್ಣ ತೂತಿನಲ್ಲಿ. ಮದ್ದಿಗೆ ಬೆಂಕಿ ಮುಟ್ಟಿಸುವ ಜಾಗ ಅದು. ಕಡ್ಡಿ ಹಾಕಿ ನೋಡಿ: ನಳಿಗೆಯವರೆಗೂ ಇಳಿಯದಿದ್ದರೆ ಅದು ಬರೀ ಅಲಂಕಾರದ ಬೊಂಬೆ ಇರಬಹುದು. ಇಳಿದರೆ ತೂತಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಮತ್ತೆಮತ್ತೆ ಹಾರಿಸಿದ ತೋಪಿನಲ್ಲಿ ಬಿಸಿ ಹೊಗೆ ನುಗ್ಗಿನುಗ್ಗಿ ಅಂಚು ಸವೆದಿರುತ್ತದೆ. ಕಂಚಿನ ನಳಿಗೆಯ ಮೇಲೆ ತೂತಿನ ಸುತ್ತ ಕೆಂಪು ಲೋಹದ ಉಂಗುರ ಕಂಡರಂತೂ ಹಬ್ಬ! ಸವೆದ ಜಾಗಕ್ಕೆ ತಾಮ್ರದ ಕೊಳವೆ ಕೂರಿಸುವುದು ಅಂದಿನ ವಾಡಿಕೆ. ಬೈಠಕ್‌ಖಾನೆಯ ಶೋಕಿಗೆ ಮಾಡಿದ ನಕಲಿಗೆ ಇಷ್ಟು ಕಷ್ಟ ಯಾರೂ ಪಡುವುದಿಲ್ಲ.

ಬ್ರಿಟಿಷ್ ತೋಪಿನ ಮೇಲೆ ‘1-2-7’ ಎಂದು ಕೊರೆದಿದ್ದರೆ ಅದು ತಾರೀಖಲ್ಲ, ತೂಕ. ಮೊದಲ ಅಂಕಿ 112 ಪೌಂಡಿನ ಹಂಡ್ರೆಡ್‌ವೇಟ್, ಎರಡನೆಯದು ಅದರ ಕಾಲುಭಾಗವಾದ 28 ಪೌಂಡು, ಕೊನೆಯದು ಬಿಡಿ ಪೌಂಡು. ಒಟ್ಟು 175 ಪೌಂಡು, ಅಂದರೆ ಸುಮಾರು 79 ಕೆ.ಜಿ. ತಕ್ಕಡಿಗೆ ಹಾಕಿದಾಗ ಲೆಕ್ಕ ತೀರಾ ತಪ್ಪಿದರೆ ಮಾರಿದವರನ್ನು ಇನ್ನೊಮ್ಮೆ ವಿಚಾರಿಸುವುದು ಒಳ್ಳೆಯದು.

ಡಚ್ ಈಸ್ಟ್ ಇಂಡಿಯಾ ಕಂಪನಿಯ ‘ವಿಒಸಿ’ ಮುದ್ರೆ ಕಂಡ ಕೂಡಲೇ ಹಿಗ್ಗಬೇಡಿ. ಕಂಪನಿ 1799ರಲ್ಲೇ ಮುಚ್ಚಿತು. ಮುದ್ರೆಯನ್ನು ನಕಲಿಗಳ ಮೇಲೆ ಅಚ್ಚು ಹಾಕುವುದು ಮಾತ್ರ ನಿಂತಿಲ್ಲ.

ಹಿಂದಿನಿಂದ ತೆರೆದು ತೋಟಾ ತುಂಬುವ ಪುಟ್ಟ ಗಾಲಿತೋಪು ಸಿಕ್ಕಿತೇ? ಅದು ಅಮೆರಿಕದ ವಿಂಚೆಸ್ಟರ್ ಕಂಪನಿಯದಿರಬಹುದು. 10 ಗೇಜಿನ, ಗುಂಡಿಲ್ಲದ ತೋಟಾ ಹಾರಿಸುವ ಈ ಮಾದರಿ ಮಾರುಕಟ್ಟೆಗೆ ಬಂದದ್ದು 1903ರಲ್ಲಿ.

ಕೆತ್ತನೆಯಿಲ್ಲದ ನುಣುಪು ಕಂಚಿನ ನಳಿಗೆ, ಬಾಯಿ ಎರಡೂವರೆ ಇಂಚು: ಇದನ್ನು ಸಂಕೇತದ ತೋಪೆಂದು ತಿಳಿಯುವವರು ಬಹಳ. ಆದರೆ ಅಮೆರಿಕದ ಕರಾವಳಿಯಲ್ಲಿ ಇದು ಹಾರಿಸುತ್ತಿದ್ದದ್ದು ಹಗ್ಗವನ್ನು! ದಡದ ಬಳಿ ಸಿಕ್ಕಿಬಿದ್ದ ಹಡಗಿಗೆ ಹಗ್ಗ ಎಸೆದು ಜನರನ್ನು ಎಳೆದು ತರುತ್ತಿದ್ದ ಇದರ ಹೆಸರು ಲೈಲ್ ಗನ್.

ತೋಪಿಗೆ ಭೂತಗನ್ನಡಿ ಜೋಡಿಸಿದ್ದರೆ ಅದು ಮಧ್ಯಾಹ್ನದ ತೋಪು. ನಡುನೆತ್ತಿಯ ಸೂರ್ಯನ ಕಿರಣ ಗಾಜಿನಲ್ಲಿ ಒಟ್ಟಾಗಿ ಮದ್ದಿಗೆ ತಾಗಿ ‘ಢಂ’. ಪ್ಯಾರಿಸ್ಸಿನ ಪ್ಯಾಲೆ ರೊಯಾಲ್ ತೋಟದಲ್ಲಿ 1786ರಲ್ಲಿ ರೂಸೋ ಎಂಬ ಗಡಿಯಾರದವನು ಇಂಥದ್ದನ್ನು ಕೂರಿಸಿದ್ದ. ಮೋಡ ಕವಿದ ದಿನ ತೋಟಕ್ಕೆ ಬಂದವರಿಗೆ ಮಧ್ಯಾಹ್ನವೇ ಇಲ್ಲ!

ಸಮುದ್ರದಲ್ಲಿ ಸುಮಾರು ನಿಮಿಷಕ್ಕೊಮ್ಮೆ ತೋಪು ಹಾರಿಸಿದರೆ ‘ಕಾಪಾಡಿ’ ಎಂದರ್ಥ. ಅಂತರರಾಷ್ಟ್ರೀಯ ನಿಯಮದಲ್ಲಿ ಇದು ಇಂದಿಗೂ ಚಾಲ್ತಿಯಲ್ಲಿದೆ. ಹಾಯಿದೋಣಿ ಪಂದ್ಯದಲ್ಲಿ ಮಾತ್ರ ಹೊತ್ತು ಎಣಿಸುವುದು ಬಾವುಟ ನೋಡಿ. ಒಂದು ಕಿಲೋಮೀಟರ್ ದೂರದವನಿಗೆ ತೋಪಿನ ಸದ್ದು ಸುಮಾರು ಮೂರು ಸೆಕೆಂಡು ತಡವಾಗಿ ಕೇಳುತ್ತದಲ್ಲ!

ನಮ್ಮ ಮೈಸೂರು ದಸರೆಯ ಕುಶಾಲತೋಪೂ ಇದೇ ವಂಶದ್ದು. ಏಳು ಫಿರಂಗಿ, ಮೂರು ಸುತ್ತು, 21 ಸಿಡಿತ. ಪ್ರತಿ ಸಿಡಿತದ ನಂತರ ಒದ್ದೆ ಬಟ್ಟೆಯ ಕೋಲು ನಳಿಗೆಯೊಳಗೆ ಹೋಗಿಬರಲೇಬೇಕು. ಒಳಗೆ ಒಂದು ಕಿಡಿ ಉಳಿದರೂ ಮುಂದಿನ ಮದ್ದು ತುಂಬುವವನ ಕೈ ಉಳಿಯದು. ಆನೆಗಳಿಗೆ ಸದ್ದು ರೂಢಿಯಾಗಲೆಂದು ವಾರಗಳ ಮೊದಲೇ ತಾಲೀಮು ಬೇರೆ.

ಟಿಪ್ಪುವಿನ ತೋಪೆಂದು ಯಾರಾದರೂ ಹೇಳಿದರೆ ಇಸವಿ ಓದಿ, ಆದರೆ ಬಲದಿಂದ ಎಡಕ್ಕೆ. ಅವನ ಮೌಲೂದಿ ಶಕೆಯ ಅಂಕಿಗಳು ಬರೆದದ್ದೇ ಹಾಗೆ. 8121 ಎಂದು ಕಂಡರೆ ಅದು 1218, ನಮ್ಮ ಲೆಕ್ಕಕ್ಕೆ 1790ರ ಆಸುಪಾಸು. ಹುಲಿಯ ಗುರುತಿನ ಶ್ರೀರಂಗಪಟ್ಟಣದ ತೋಪುಗಳು ಯುದ್ಧದವು, ಸಲಾಮಿನವಲ್ಲ. ಖಾಸಗಿ ಸಂಗ್ರಹದಲ್ಲಿದ್ದ ಅಂಥದ್ದೊಂದು ಕಂಚಿನ ತೋಪು 2015ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 14 ಲಕ್ಷ ಪೌಂಡಿಗೂ ಮೇಲೆ ಹೋಯಿತು.

ತೋಪು ಸಿಕ್ಕಿದೊಡನೆ ಬಾಯಿಗೆ ಮುಖವಿಟ್ಟು ಇಣುಕುವ ಚಪಲ ಬೇಡ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನವರ ಬಳಿ ಇದ್ದ, 18ನೇ ಶತಮಾನದ ಹಡಗಿನ ತೋಪೊಂದನ್ನು 2013ರಲ್ಲಿ ಉಜ್ಜಿ ತೊಳೆಯುವಾಗ ಒಳಗೆ ಗುಂಡೂ ಇತ್ತು, ಸುಮಾರು 800 ಗ್ರಾಂ ಮದ್ದೂ ಇತ್ತು. ಪೊಲೀಸರು ಬರಬೇಕಾಯಿತು.

ನಮ್ಮಲ್ಲಿ ನೂರು ವರ್ಷ ದಾಟಿದ ತೋಪು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.